ಜೊಸ್ವೆ ನುಂಗದ ಗುಳಿಗೆ

“ಟ್ರಾಮೋಲ್! ನಮ್ಮ ಹುಡುಗನ ಮೂತ್ರದಲ್ಲಿ ಟ್ರಾಮೋಲ್!”

ಕ್ಲಬ್ಬಿನ ಅಧ್ಯಕ್ಷ ಬರ್ನಬೆ ಪ್ರಯೋಗಾಲಯದ ಪತ್ರವನ್ನು ನನ್ನ ಮಾಲೀಸು ಮೇಜಿನ ಮೇಲೆ ಎಸೆದರು. ಅದು ನೇರವಾಗಿ ಎಣ್ಣೆಯ ಬಟ್ಟಲಿಗೆ ಬಿತ್ತು. ಮೇಜಿನ ಮೇಲೆ ಬೋರಲು ಮಲಗಿದ್ದವನು ಜೊಸ್ವೆ ತೈವೆ — ನಮ್ಮ ಮರೂವಾ ಊರಿನ ಗಿಡುಗ ಫುಟ್‌ಬಾಲ್ ತಂಡದ ಎಡಬದಿಯ ಆಟಗಾರ. ಅವನ ಮೀನಖಂಡ ನನ್ನ ಕೈಯೊಳಗೇ ಕಲ್ಲಾಯಿತು.

ನಾನು ಸಾಂದಾ. ತಂಡದ ಮಾಲೀಸಿನವನು. ಆಟಗಾರರ ಗುಟ್ಟು ಅವರ ಹೆಂಡಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗುವವನು. ಆ ಹೊತ್ತು ನನಗೆ ಏನೂ ಗೊತ್ತಿರಲಿಲ್ಲ.

“ಯಾರದ್ದು?” ಎಂದರು ಬಾಗಿಲಲ್ಲಿ ನಿಂತಿದ್ದ ತರಬೇತುದಾರ ಗರ್ಗಾ.

“ಇನ್ಯಾರದ್ದು? ಹೋದ ಭಾನುವಾರ ಆಟ ಮುಗಿದ ಮೇಲೆ ಪರೀಕ್ಷೆಗೆ ಇವನ ಹೆಸರೇ ಎತ್ತಿದ್ರಲ್ಲ. ಏನೋ ಜೊಸ್ವೆ? ಇದಕ್ಕೇನು ಹೇಳ್ತೀಯಾ?”

ಜೊಸ್ವೆ ಎದ್ದು ಕೂತ. ಪತ್ರವನ್ನು ನೋಡಿದ. ಒಂದು ಕ್ಷಣ ಅವನ ಮುಖದಲ್ಲಿ ಬರೀ ಅಚ್ಚರಿ ಇತ್ತು. ಆಮೇಲೆ ಏನೋ ಹೊಳೆದವನಂತೆ ಕಣ್ಣು ತಗ್ಗಿಸಿದ.

“ನಾನೇ ತಗೊಂಡೆ,” ಎಂದ.

“ಯಾಕೆ?”

“ಮಜಾಕ್ಕೆ.”

ಅಧ್ಯಕ್ಷರಿಗೆ ಹೋದ ಜೀವ ಬಂತು! ಅದಕ್ಕೆ ಕಾರಣವೂ ಇತ್ತು. ನಮ್ಮ ಲೀಗಿನ ನಿಯಮ ಹೀಗಿದೆ: ಆಟದ ದಿನ ಮೈಯಲ್ಲಿ ನೋವು ಮರೆಸಿ ಅಮಲೇರಿಸುವ ಟ್ರಾಮೋಲಿನಂಥ ಮಾದಕವಸ್ತು ಸಿಕ್ಕಿದರೆ ಎರಡು ವರ್ಷ ಹೊರಗೆ. ಆದರೆ ಆಟಗಾರ ತಾನಾಗಿಯೇ ಒಪ್ಪಿಕೊಂಡು, ಮೈದಾನದ ಹೊರಗೆ ಮೋಜಿಗಾಗಿ ತಗೊಂಡೆ ಎಂದು ಹೇಳಿ, ಚಟ ಬಿಡಿಸುವ ಚಿಕಿತ್ಸೆಗೆ ಸೇರಿದರೆ ಒಂದೇ ತಿಂಗಳು. ಇಲ್ಲ ಎಂದು ವಾದಿಸುವುದಾದರೆ ಅದು ಮೈಯೊಳಗೆ ಹೇಗೆ ಬಂತು ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ಎರಡು ವರ್ಷ ಖಾಯಂ.

“ಜಾಣ ಹುಡುಗ,” ಎಂದರು ಅಧ್ಯಕ್ಷರು. “ಆಸ್ಪತ್ರೇಲಿ ಇವತ್ತೇ ಜಾಗ ಹಿಡೀತೀನಿ. ಒಂದು ತಿಂಗಳು ತಾನೇ? ಮಳೆಗಾಲದಲ್ಲಿ ಹಾಳಾದ ಮೈದಾನ ಸರಿಯಾಗೋಷ್ಟರಲ್ಲಿ ವಾಪಸು ಬರ್ತೀಯ.”

ಎಲ್ಲರೂ ನಿರಾಳವಾಗಿ ಹೊರಟರು. ನನಗೆ ಮಾತ್ರ ಏನೋ ಕುಟುಕುತ್ತಿತ್ತು. ಜೊಸ್ವೆ ಹಬ್ಬದ ದಿನವೂ ಜೋಳದ ಬಿಯರಿನ ಸೋರೆಬುರುಡೆಯನ್ನು ಮೂಗಿನ ಹತ್ತಿರವೂ ತರದ ಹುಡುಗ. ಅವನಿಗೆ ಟ್ರಾಮೋಲಿನ ಮಜಾ?

ಮಾರನೆಯ ದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಒಬ್ಬ ಹುಡುಗಿ ಬಂದಳು. ಅತ್ತು ಅತ್ತು ಕಣ್ಣು ಬಾತಿತ್ತು. ಮೈದಾವಾ — ಜೊಸ್ವೆ ಮದುವೆಯಾಗಬೇಕಿದ್ದ ಹುಡುಗಿ.

“ಸಾಂದಣ್ಣಾ, ರೇಡಿಯೋದಲ್ಲಿ ಹೇಳಿಬಿಟ್ರು. ಅಪ್ಪ ಕೇಳಿಸ್ಕೊಂಡ್ರು. ಜೊಸ್ವೆ ಮನೆಯವರು ಕೊಟ್ಟಿದ್ದ ಹಸುಗಳನ್ನ ವಾಪಸು ಅಟ್ಟಿಸಿದ್ದಾರೆ.”

ಹೆಣ್ಣಿಗೆ ತೆರವಾಗಿ ಕೊಟ್ಟ ಹಸು ವಾಪಸು ಹೋಯಿತೆಂದರೆ ಮದುವೆ ಮುರಿಯಿತು ಎಂದೇ ಅರ್ಥ. ಅದಕ್ಕೆ ಇನ್ನೊಂದು ಮಾತು ಬೇಕಿಲ್ಲ.

“ಜೊಸ್ವೆ ಏನಂದ?”

“ಏನೂ ಅನ್ನಲ್ಲ. ಫೋನ್ ಎತ್ತಲ್ಲ. ಅವನು ತಗೊಂಡಿಲ್ಲ ಅಣ್ಣಾ, ನನಗೆ ಗೊತ್ತು! ಅಪ್ಪ ಚರ್ಚಿನ ಹಿರಿಯರು. ಚಟಗಾರನಿಗೆ ಮಗಳನ್ನ ಕೊಡಲ್ಲ ಅಂದ್ರೆ ಕೊಡಲ್ಲ. ನೀವೇ ಏನಾದ್ರೂ ಮಾಡಬೇಕು.”

ನಾನೇನು ಮಾಡಲಿ? ಕಾಲು ತಿಕ್ಕುವುದೊಂದು ಬಿಟ್ಟು ನನಗೆ ಏನು ಬರುತ್ತದೆ? ಆದರೆ ನನಗೊಬ್ಬ ದೊಡ್ಡಪ್ಪನ ಮಗಳಿದ್ದಾಳೆ. ದೀಜಕ್ಕ. ಅರ್ಧ ಆಯಸ್ಸು ನೈಜೀರಿಯಾ ಗಡಿಯ ಸುಂಕದ ಕಟ್ಟೆಯಲ್ಲಿ ಕಳೆದವಳು. ಲಾರಿಯ ಚಕ್ರದೊಳಗೆ, ಈರುಳ್ಳಿ ಮೂಟೆಯೊಳಗೆ, ಒಮ್ಮೆ ಶವದ ಪೆಟ್ಟಿಗೆಯೊಳಗೆ ಕೂಡ ಟ್ರಾಮೋಲ್ ಹಿಡಿದವಳು. ಈಗ ನಿವೃತ್ತಿಯಾಗಿ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತ ಬೀದಿಯವರನ್ನೆಲ್ಲ ಸಂಶಯದಿಂದ ನೋಡುವುದೇ ಅವಳ ಉದ್ಯೋಗ.

ಎಲ್ಲ ಕೇಳಿ ಅವಳು ಚಹಾ ಲೋಟ ಕೆಳಗಿಟ್ಟಳು.

“ಕದ್ದಿಲ್ಲ ಕದ್ದಿಲ್ಲ ಅನ್ನೋ ಕಳ್ಳರನ್ನ ಬೇಕಾದಷ್ಟು ನೋಡಿದ್ದೀನಿ ಕಣೋ ಸಾಂದಾ. ಕದ್ದೆ ಕದ್ದೆ ಅಂತ ತಾನೇ ಕೂಗೋನನ್ನ ನೋಡಿಲ್ಲ. ನಡಿ.”

*

ಜೊಸ್ವೆ ತನ್ನ ಕೋಣೆಯಲ್ಲಿ ತೊಡೆಗಳ ಕೆಳಗೆ ಕೈ ತೂರಿಸಿಕೊಂಡು ಕೂತಿದ್ದ.

“ಯಾವ ಬಣ್ಣ?” ಎಂದಳು ದೀಜಕ್ಕ. ನಮಸ್ಕಾರ ಇಲ್ಲ, ಕುಶಲ ಇಲ್ಲ.

“ಏನಕ್ಕಾ?”

“ನೀನು ನುಂಗಿದ್ದು.”

“ಬಿಳಿ... ಬಿಳಿ ಗುಳಿಗೆ.”

“ದುಂಡಗೆ?”

“ಹೂಂ. ದುಂಡಗೆ.”

“ಎಲ್ಲಿ ಸಿಕ್ತು?”

“ಸಂತೇಲಿ. ಯಾರೋ ಒಬ್ಬನ ಹತ್ರ.”

“ಎಷ್ಟು ನುಂಗ್ದೆ?”

“ಒಂದು. ಅಲ್ಲ — ಎರಡು.”

“ಮಜಾ ಆಯ್ತಾ?”

ಈ ಸಲ ಜೊಸ್ವೆ ತಡವರಿಸಲಿಲ್ಲ. “ಬಿಸಿಲು ಬಿಸಿಲು ಅಂತಾನೇ ಅನ್ನಿಸಲಿಲ್ಲ ಅಕ್ಕಾ. ಸೊಂಟ ನಂದೇ ಅಲ್ಲ ಅನ್ನೋ ಹಾಗಿತ್ತು. ಆಮೇಲೆ ರಾತ್ರಿಯೆಲ್ಲ ಮೈ ತುರಿಕೆ. ಕೆರೆದು ಕೆರೆದು ಸಾಕಾಯ್ತು.”

“ಯಾವ ರಾತ್ರಿ?”

“ಶುಕ್ರ—” ಎಂದವನು ನಾಲಗೆ ಕಚ್ಚಿಕೊಂಡ. “ನೆನಪಿಲ್ಲ.”

“ಮೈದಾವಾ ಅಳ್ತಿದ್ದಾಳೆ. ಗೊತ್ತಾ?”

ಅವನು ಗೋಡೆಯ ಕಡೆ ಮುಖ ತಿರುಗಿಸಿದ. “ಗೊತ್ತು.”

“ಆದ್ರೂ ನೀನೇ ತಗೊಂಡೆ?”

“ನಾನೇ ತಗೊಂಡೆ. ದಯವಿಟ್ಟು ಹೋಗಿ ಅಕ್ಕಾ.”

ಹೊರಗೆ ಬಂದಮೇಲೆ ನನಗೆ ತಡೆಯಲಾಗಲಿಲ್ಲ. “ಏನನ್ನಿಸ್ತು?”

“ಸುಳ್ಳು ಹೇಳೋಕೆ ಬರದ ಹುಡುಗ. ಈ ಕಡೆ ಸಂತೇಲಿ ಈಗ ಸಿಗೋದೆಲ್ಲ ಕೆಂಪು ಹಸಿರು ಕ್ಯಾಪ್ಸೂಲು. ದುಂಡನೆಯ ಬಿಳಿ ಟ್ರಾಮೋಲ್ ಕಂಡು ವರ್ಷಗಳಾದವು.”

“ಅಂದ್ರೆ ಅವನು ತಗೊಂಡೇ ಇಲ್ಲ?”

“ಹೊಟ್ಟೆಗೆ ಹೋಗಿದೆ. ಆ ತುರಿಕೆ ಇದೆಯಲ್ಲ, ಅದನ್ನ ಕಟ್ಟಿ ಹೇಳೋಕಾಗಲ್ಲ. ಟ್ರಾಮೋಲ್ ತಿಂದ ಡ್ರೈವರುಗಳು ನನ್ನ ಮುಂದೆ ಹಾಗೇ ಕೆರೀತಾ ನಿಲ್ಲೋರು. ಹೊಟ್ಟೆಗೆ ಹೋಗಿದೆ, ಆದ್ರೆ ಕಣ್ಣಲ್ಲಿ ನೋಡಿಲ್ಲ. ಯಾರೋ ಕೊಟ್ಟಿದ್ದಾರೆ. ಯಾರು ಅಂತ ಇವನಿಗೆ ಗೊತ್ತು. ಹೇಳಲ್ಲ.” ಅವಳು ನನ್ನ ಕಡೆ ತಿರುಗಿದಳು. “ಇನ್ನೊಂದು. ಮಜಾಕ್ಕೆ ನುಂಗಿದವನ ಬಾಯಲ್ಲಿ ಬಿಸಿಲು, ಸೊಂಟ ಎಲ್ಲಿಂದ ಬಂತು?”

*

ಮೈದಾನದಲ್ಲಿ ಗರ್ಗಾ ಅವರ ಹತ್ತಿರ ಉತ್ತರ ಸಿದ್ಧವಾಗಿತ್ತು.

“ಯಾರಾದ್ರೂ ಹಾಕಿದ್ರೆ ಅದು ಬದಲಿ ಆಟಗಾರ ಸಲಾತೂನೇ. ಜೊಸ್ವೆ ಹೊರಗೆ ಹೋದ್ರೆ ಆ ಜಾಗ ಅವನಿಗೇ ತಾನೇ?”

“ಸಲಾತು ಶುಕ್ರವಾರ ಎಲ್ಲಿದ್ದ?”

“ಇಲ್ಲೇ. ದಿನವಿಡೀ ನನ್ನ ಕಣ್ಣ ಮುಂದೆ ಓಡ್ತಿದ್ದ.”

“ಜೊಸ್ವೆ?”

“ರಜಾ ತಗೊಂಡಿದ್ದ. ಅವನೂ ಗೋಲ್‌ಕೀಪರ್ ಬೈದಾಂಗೂ. ಇಬ್ಬರೂ ಒಂದೇ ಊರಿನೋರು. ಚರ್ಚಿನಲ್ಲಿ ಹಾಡಿನ ಅಭ್ಯಾಸ ಅಂದ್ರು.”

“ಹಾಗಾದ್ರೆ ಸಲಾತು ಅಲ್ಲ. ಜೊಸ್ವೆ ಹೊಟ್ಟೆಗೆ ಅದು ಹೋಗಿದ್ದು ಶುಕ್ರವಾರ, ಹೋಗಿದ್ದು ಈ ಮೈದಾನದ ಹೊರಗೆ.” ದೀಜಕ್ಕ ಮೈದಾನದ ಆ ತುದಿಗೆ ಕಣ್ಣು ಹಾಯಿಸಿದಳು. “ಭಾನುವಾರದ ಆಟ ಹೇಗಾಯ್ತು?”

ಗರ್ಗಾ ಅವರ ಮುಖ ಹುಳ್ಳಗಾಯಿತು. “ಅದನ್ನ ನೆನಪಿಸಬೇಡಿ. ಬೈದಾಂಗ್ ಎರಡು ಸಲ ಕೈಗೆ ಬಂದ ಚೆಂಡನ್ನ ಕೆಳಗೆ ಹಾಕಿದ. ಎರಡೂ ಗೋಲಾಯ್ತು. ಕೂತಿದ್ದ ಜನ ‘ಅದು ಚೆಂಡೇನೋ, ಕೆಂಡವೇನೋ’ ಅಂತ ಕೂಗಿದ್ರು. ಐದು ವರ್ಷದ ಮಗು ಹಿಡಿಯೋ ಚೆಂಡು!”

“ಆಮೇಲೆ?”

“ಆಮೇಲೇನು? ಚೆನ್ನಾಗಿ ಬೈದೆ.”

“ಕೈ ನೋಡಿದ್ರಾ?”

“ಯಾಕೆ ನೋಡ್ಲಿ? ಗ್ಲೌಸ್ ಇತ್ತಲ್ಲ.”

ದೀಜಕ್ಕ ಆಗಲೇ ಗೋಲಿನ ಕಡೆ ನಡೆದಿದ್ದಳು. ಬೈದಾಂಗ್ ಮರದಂತೆ ಎತ್ತರದ ಹುಡುಗ. ಅವನ ಹೆಗಲ ಮಟ್ಟಕ್ಕೂ ಬಾರದ ಇವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

“ಕೈ ಕೊಡಪ್ಪಾ, ಕುಲುಕೋಣ.”

ಅವನು ಗ್ಲೌಸು ತೊಟ್ಟ ಕೈಯನ್ನೇ ಚಾಚಿದ.

“ದೊಡ್ಡವರಿಗೆ ಹೀಗಾ ಕೈ ಕೊಡೋದು? ನಿಮ್ಮಮ್ಮ ಇದನ್ನೇ ಕಲಿಸಿದ್ಲಾ?”

ಬೈದಾಂಗ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಬೇರೆ ದಾರಿಯಿಲ್ಲದೆ ಗ್ಲೌಸು ಬಿಚ್ಚಿದ.

ಅಂಗೈ ತುಂಬ ಒಡೆದ ಬೊಬ್ಬೆಗಳು! ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುಲಿದು ಎಳೆಗೆಂಪು ಕಾಣುತ್ತಿತ್ತು. ಎರಡೂ ಕೈ ಹಾಗೇ.

“ಹಾಡಿನ ಅಭ್ಯಾಸದಲ್ಲಿ ಬಂದ ಬೊಬ್ಬೇನಾ?” ಎಂದಳು ದೀಜಕ್ಕ.

ಹುಡುಗ ತಲೆ ತಗ್ಗಿಸಿದ.

“ಎರೆಹೊಲದ ಗೂಟ,” ಎಂದೆ ನಾನು. ಬಾಯಿಂದ ತಾನಾಗಿಯೇ ಬಂತು. ಹಿಂಗಾರಿ ಜೋಳ ನಾಟಿ ಮಾಡುವ ಕಾಲ ಇದು. ಮಳೆ ನಿಂತು ಗಟ್ಟಿಯಾದ ಕರಿಮಣ್ಣಿಗೆ ಕಬ್ಬಿಣದ ಮೊನೆಯ ದಪ್ಪ ಗೂಟವನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ಕುಕ್ಕಬೇಕು. ಹಾಗೆ ಬಿದ್ದ ಕುಳಿಯೊಳಗೆ ನೀರು ಹೊಯ್ದು ಹೆಂಗಸರು ಸಸಿ ಇಳಿಸುತ್ತಾರೆ. ಒಂದು ದಿನ ಕುಕ್ಕಿದರೆ ಅಭ್ಯಾಸ ತಪ್ಪಿದ ಕೈ ಹೀಗೇ ಆಗುತ್ತದೆ.

“ಆಟದ ಮುಂಚೆ ಹೊಲಕ್ಕೆ ಇಳಿದ್ರಾ?” ಗರ್ಗಾ ಕೂಗಿದರು. “ಹೊಲಕ್ಕೆ ಇಳಿಯೋ ಹಾಗಿಲ್ಲ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!”

“ಬೈಬೇಡಿ,” ಎಂದಳು ದೀಜಕ್ಕ. “ಯಾರ ಹೊಲ ಬೈದಾಂಗ್?”

“ಹೇಳಲ್ಲಮ್ಮಾ. ಜೊಸ್ವೆಗೆ ಮಾತು ಕೊಟ್ಟಿದ್ದೀನಿ.”

“ಹೇಳಬೇಡ ಬಿಡು. ನಿನಗೂ ಆ ರಾತ್ರಿ ತುರಿಸ್ತಾ?”

“ಅಯ್ಯೋ, ಬೆಳಗಿನವರೆಗೂ! ಹೊಲದ ಹುಳ ಅಂದ್ಕೊಂಡೆ.”

“ಸಾಂದಾ, ನಿನ್ನ ಮೋಟಾರ್‌ಸೈಕಲ್ ತೆಗಿ. ಮೈದಾವಾ ಊರಿಗೆ.”

“ಅಲ್ಲಿಗೇ ಯಾಕೆ?”

“ಬೆಪ್ಪು. ತರಬೇತುದಾರರ ಕಣ್ಣು ತಪ್ಪಿಸಿ, ಗೆಳೆಯನನ್ನೂ ಕರ್ಕೊಂಡು, ಗಂಡುಹುಡುಗ ಯಾರ ಹೊಲ ಕುಕ್ಕೋಕೆ ಹೋಗ್ತಾನೆ?”

ನನ್ನ ಹಣೆಯನ್ನು ನಾನೇ ಬಡಿದುಕೊಂಡೆ. ಹೆಣ್ಣು ಕೇಳಿದವನು ಗೆಳೆಯರನ್ನು ಕಟ್ಟಿಕೊಂಡು ಹೋಗಿ ಹೆಣ್ಣಿನಪ್ಪನ ಹೊಲದಲ್ಲಿ ಒಂದು ದಿನ ದುಡಿಯದಿದ್ದರೆ ಅದೆಂಥ ಮದುವೆ? ನಾನೂ ದುಡಿದಿದ್ದೇನೆ. ನನ್ನ ಮಾವ ಆ ದಿನ ನೆರಳಲ್ಲಿ ಕೂತು ನನ್ನ ತಪ್ಪು ಎಣಿಸಿದ್ದರು.

*

ಗಿದಿಗಿಸ್ ಊರು ದಾಟಿ ಎರೆಹೊಲಗಳ ನಡುವಿನ ಹಾದಿಯಲ್ಲಿ ಧೂಳು ತಿನ್ನುತ್ತ ಹೋದೆವು. ಮೈದಾವಾಳ ಅಪ್ಪ ವಾಂಗ್ಲಾರ್ ಅವರ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮನೆಯವರೆಲ್ಲ ಕೂತಿದ್ದರು: ಬಿಳಿ ಟೋಪಿ ಹಾಕಿದ ಮುದುಕ ವಾಂಗ್ಲಾರ್, ಅವರ ಹೆಂಡತಿ, ದೊಡ್ಡ ಮಗ ಫೆಕ್ನಾ. ಮೈದಾವಾ ಒಲೆಯ ಹತ್ತಿರ ನಿಂತಿದ್ದಳು. ನಮ್ಮನ್ನು ಕಂಡು ಸೌಟು ಕೈಬಿಟ್ಟಳು.

“ಚಟಗಾರನ ಪರವಾಗಿ ಬಂದಿದ್ರೆ ನೀರು ಕುಡಿದು ವಾಪಸು ಹೋಗಿ,” ಎಂದರು ವಾಂಗ್ಲಾರ್, ಮುಂಗೈ ಕೆರೆದುಕೊಳ್ಳುತ್ತ. “ಟ್ರಾಮೋಲ್ ಸೈತಾನನ ಹಿಟ್ಟು. ಚರ್ಚಿನಲ್ಲಿ ನಾನೇ ಹೇಳಿದ್ದೀನಿ.”

“ನೀರು ಕುಡೀತೀವಿ ಬಾಬಾ,” ಎಂದಳು ದೀಜಕ್ಕ. ಕುಡಿದಳು. ಆಮೇಲೆ ಫೆಕ್ನಾನ ಕಡೆ ತಿರುಗಿದಳು. “ಜೊಸ್ವೆ ಕಂಡ್ರೆ ನಿನಗೆ ಆಗಲ್ಲ ಅಂತ ಕೇಳಿದೆ?”

“ಆಗಲ್ಲ. ಚೆಂಡು ಒದೆಯೋನು ಎಷ್ಟು ದಿನ ಒದೀತಾನೆ? ಕಾಲು ಮುರಿದ್ರೆ ನನ್ನ ತಂಗಿಗೆ ಏನು ಗತಿ?”

“ಅದಕ್ಕೇ ನಾಟಿ ದಿನ ಅವನ ಅಂಬಲಿಗೆ ಏನಾದ್ರೂ ಹಾಕಿದ್ಯಾ?”

“ಏನಮ್ಮಾ ಮಾತಾಡ್ತೀರಾ!” ಫೆಕ್ನಾ ಎದ್ದು ನಿಂತ. “ನಾಟಿಗೆ ಬಂದ ಎಲ್ಲರಿಗೂ ಒಂದೇ ಹಂಡೆ. ನಾನೂ ಅದರಲ್ಲೇ ಕುಡಿದೆ!”

“ರಾತ್ರಿ ನಿದ್ದೆ ಬಂತಾ?”

“ಎಲ್ಲಿಂದ ಬರಬೇಕು? ಮೈಯೆಲ್ಲ—” ಅವನು ಮಾತು ನಿಲ್ಲಿಸಿದ. “ನಿಮಗೆ ಹೇಗೆ ಗೊತ್ತು?”

“ಕೂತ್ಕೋ. ನೀನಲ್ಲ.” ದೀಜಕ್ಕ ಮುದುಕಿಯನ್ನು ಕೇಳಿದಳು: “ಅಂಬಲಿ ಮಾಡಿದ್ದು ನೀವಾ ಅಮ್ಮಾ?”

“ನಾನೇ. ನಾನೂ ಮೈದಾವಾನೂ ಮನೇಲೇ ಒಂದೊಂದು ಲೋಟ ಕುಡಿದು ಹಂಡೇನ ಹೊಲಕ್ಕೆ ಕಳಿಸಿದ್ವಿ.”

“ನಿಮಗೆ ತುರಿಕೆ?”

“ನಮಗ್ಯಾಕೆ ತುರಿಕೆ? ಹೊಲದಿಂದ ಬಂದ ಗಂಡಸರಿಗೆ ಮಾತ್ರ. ನಾನು ಬೇವಿನೆಲೆ ನೀರು ಕಾಸಿಕೊಟ್ಟೆ.”

“ಹೊಲದಲ್ಲಿ ಹಂಡೇನ ಯಾರು ಮುಟ್ತಾರೆ?”

“ಇನ್ಯಾರು? ಮನೆ ಯಜಮಾನರು. ದುಡಿಯೋಕೆ ಬಂದವರಿಗೆ ಯಜಮಾನನೇ ಕೈಯಾರೆ ಸಕ್ಕರೆ ಹಾಕಿ ಕದಡಿ ಕೊಡಬೇಕು. ಅದು ಮರ್ಯಾದೆ.”

ಎಲ್ಲರ ಕಣ್ಣೂ ಮುದುಕನ ಕಡೆ ತಿರುಗಿತು. ಅವರು ಮಾತ್ರ ನೆಟ್ಟಗೆ ಕೂತಿದ್ದರು.

“ಹೂಂ, ನಾನೇ ಹಾಕಿದೆ. ಸಕ್ಕರೆ ಹಾಕಿದ್ರೆ ತಪ್ಪೇ?”

“ಸಕ್ಕರೆ ಮಾತ್ರಾನಾ ಬಾಬಾ?”

“ಸಕ್ಕರೆ. ಮತ್ತೆ ಸ್ವಲ್ಪ ಬೆನ್ನಿನ ಔಷಧಿ. ಬಿಸಿಲು ಜೋರಿತ್ತು. ಬೇರೆಯವರ ಮಕ್ಕಳು ನನ್ನ ಹೊಲದಲ್ಲಿ ಸೊಂಟ ಮುರ್ಕೊಂಡು ಮಲಗಬಾರದು ಅಂತ ಒಳ್ಳೆ ಮನಸ್ಸಿಂದ ಹಾಕಿದೆ. ನಾನೇ ದಿನಾ ತಗೋತೀನಿ. ಈ ವಯಸ್ಸಲ್ಲೂ ಗೂಟ ಹಿಡೀತೀನಿ, ನೋಡಿ.”

“ತೋರಿಸ್ತೀರಾ ಆ ಔಷಧಿ?”

ಮುದುಕ ಹೆಮ್ಮೆಯಿಂದಲೇ ಅಂಗಿಯ ಜೇಬಿಗೆ ಕೈ ಹಾಕಿದರು. ಕಾಗದದಲ್ಲಿ ಮಡಿಸಿದ ಪೊಟ್ಟಣ. ಬಿಚ್ಚಿದರು. ಒಳಗೆ ಕೆಂಪು ಹಸಿರು ಕ್ಯಾಪ್ಸೂಲುಗಳು.

“ಇದನ್ನ ಯಾರು ಕೊಟ್ರು?”

“ಸೈಕಲ್ಲಿನ ಮೇಲೆ ಔಷಧಿ ಮಾರೋನು. ಬೆನ್ನಿಗೆ ಇದಕ್ಕಿಂತ ಒಳ್ಳೇದಿಲ್ಲ ಅಂದ. ನಿಜ ಹೇಳಿದ.”

ದೀಜಕ್ಕನ ದನಿ ಮೆತ್ತಗಾಯಿತು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಬಾಬಾ, ಇದೇ ಟ್ರಾಮೋಲ್. ಗಡೀಲಿ ನಾನು ಇದನ್ನ ಮೂಟೆ ಮೂಟೆ ಸುಟ್ಟಿದ್ದೀನಿ.”

“ಇಲ್ಲ,” ಎಂದರು ಮುದುಕ. “ಇದು ಬೆನ್ನಿನ ಔಷಧಿ.”

“ಎಲ್ಲರೂ ಆ ಹುಡುಗನ ಮೂತ್ರವನ್ನೇ ನೋಡಿದ್ರು ಬಾಬಾ, ಅವನ ಗೆಳೆಯನ ಅಂಗೈ ಯಾರೂ ನೋಡಲಿಲ್ಲ. ಅವನು ಚೆಂಡು ಕೆಳಗೆ ಹಾಕಿದ್ದಕ್ಕೆ ಬೈದ್ರು, ಯಾಕೆ ಹಾಕಿದ ಅಂತ ಕೇಳಲಿಲ್ಲ. ಆ ಬೊಬ್ಬೆ ನನಗೆ ಹೊಲ ತೋರಿಸ್ತು. ಹೊಲದಲ್ಲಿ ಕುಡಿದ ಎಲ್ಲರಿಗೂ ತುರಿಕೆ, ಮನೇಲಿ ಕುಡಿದ ಇಬ್ಬರಿಗೆ ಇಲ್ಲ. ಅಂದ್ರೆ ಹಂಡೆಗೆ ಅದು ಬಿದ್ದಿದ್ದು ಹೊಲದಲ್ಲಿ. ಅಲ್ಲಿ ಹಂಡೆ ಮುಟ್ಟಿದ್ದು ಒಂದೇ ಕೈ. ನಾವು ಬಂದಾಗಿನಿಂದ ಆ ಕೈ ಕೆರೀತಾನೇ ಇದೆ.”

ಮುದುಕ ತಮ್ಮ ಮುಂಗೈ ನೋಡಿಕೊಂಡರು. ಕೆರೆದು ಕೆರೆದು ಅಲ್ಲಿ ಬೂದು ಗೀರುಗಳಾಗಿದ್ದವು. ಕೆರೆಯುತ್ತಿದ್ದ ಬೆರಳು ನಿಂತಿತು.

“ಅವನಿಗೆ ಗೊತ್ತಿತ್ತಾ?” ಎಂದರು ಕೊನೆಗೆ.

“ಪರೀಕ್ಷೆಯ ಪತ್ರ ನೋಡಿದ ಕ್ಷಣವೇ ಗೊತ್ತಾಗಿರಬೇಕು. ಆ ವಾರ ಅವನು ಹೊರಗೆ ತಿಂದಿದ್ದು ನಿಮ್ಮ ಅಂಬಲಿ ಒಂದೇ. ಆದ್ರೆ ಹೆಣ್ಣು ಕೇಳೋಕೆ ಬಂದವನು ಆ ಮನೆಯ ಊಟದ ಮೇಲೆ ದೂರು ಹೇಳ್ತಾನಾ? ಚರ್ಚಿನ ಹಿರಿಯರ ಹೆಸರು ರೇಡಿಯೋಗೆ ಕೊಡ್ತಾನಾ? ಚಟಗಾರ ಅನ್ನೋ ಹೆಸರನ್ನ ತಾನೇ ಹೊತ್ಕೊಂಡ. ಅದೇ ಹೆಸರಿಗೆ ನೀವು ಹಸು ವಾಪಸು ಅಟ್ಟಿದ್ರಿ. ಆಗಲೂ ಬಾಯಿ ಬಿಡಲಿಲ್ಲ.”

ಮೈದಾವಾ ಒಲೆಯ ಹತ್ತಿರವೇ ಕುಸಿದು ಕೂತು ಜೋರಾಗಿ ಅತ್ತಳು. ದುಃಖದ ಅಳುವಲ್ಲ ಅದು. ಅಳುವಿನ ನಡುವೆ ನಗುವೂ ಬರುತ್ತಿತ್ತು. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ? ಹಿಂದಿನ ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದಂತಾಯಿತು.

ಫೆಕ್ನಾ ನೆಲ ನೋಡುತ್ತ ಗೊಣಗಿದ: “ಹಸುಗಳನ್ನ ನಾನೇ ಹೋಗಿ ಹೊಡ್ಕೊಂಡು ಬರ್ತೀನಿ.”

“ಹಸು ಆಮೇಲೆ,” ಎಂದರು ವಾಂಗ್ಲಾರ್. ಎದ್ದು ನಿಂತರು. “ಫೆಕ್ನಾ, ನನ್ನ ಕರಿ ಕೋಟು ತಾ. ಆ ಲೀಗಿನವರು ಎಲ್ಲಿ ಕೂರ್ತಾರೆ ತಾಯೀ?”

“ಬಾಬಾ, ಅಲ್ಲಿ ಪತ್ರಿಕೆಯೋರೂ ಇರ್ತಾರೆ,” ಎಂದೆ ನಾನು.

“ಇರಲಿ. ಆ ಹುಡುಗನ ಬಗ್ಗೆ ಬರೆದರಲ್ಲ? ನನ್ನ ಬಗ್ಗೆಯೂ ಬರೀಲಿ.”

*

ಬರೆದರು. ಮುದುಕ ಲೀಗಿನ ಸಮಿತಿಯ ಮುಂದೆ ಟೋಪಿ ತೆಗೆದು ನಿಂತು, ಪೊಟ್ಟಣವನ್ನು ಮೇಜಿನ ಮೇಲಿಟ್ಟು, ತಾವು ಮಾಡಿದ್ದನ್ನು ಒಂದು ಮಾತೂ ಬಿಡದೆ ಹೇಳಿದರು. ಬೈದಾಂಗ್ ಅಂಗೈ ತೋರಿಸಿದ. ನಾಟಿಗೆ ಬಂದಿದ್ದವರೆಲ್ಲ ತಮ್ಮ ತಮ್ಮ ತುರಿಕೆಯನ್ನು ಎಷ್ಟು ಉತ್ಸಾಹದಿಂದ ವರ್ಣಿಸಿದರೆಂದರೆ ಸಮಿತಿಯ ಅಧ್ಯಕ್ಷೆ ಸಾಕು ಸಾಕು ಎಂದು ಕೈ ಎತ್ತಬೇಕಾಯಿತು. ಆಟಗಾರನ ತಪ್ಪಿಲ್ಲ ಎಂದು ತೀರ್ಪಾಯಿತು. ಸೈಕಲ್ಲಿನ ಔಷಧಿಯವನ ಬೆನ್ನು ಹತ್ತಲು ದೀಜಕ್ಕ ತನ್ನ ಹಳೆಯ ಕಚೇರಿಗೆ ಫೋನು ಮಾಡಿದಳು. ಹೊಲಕ್ಕೆ ಇಳಿದದ್ದಕ್ಕೆ ಮಾತ್ರ ಗರ್ಗಾ ಇಬ್ಬರನ್ನೂ ನಾಲಗೆ ಹೊರಬರುವವರೆಗೆ ಮೈದಾನದ ಸುತ್ತ ಓಡಿಸಿದರು. ಜೊಸ್ವೆ ಅಷ್ಟು ಖುಷಿಯಾಗಿ ಓಡಿದ್ದನ್ನು ನಾನು ಆಟದಲ್ಲೂ ಕಂಡಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಜೊಸ್ವೆಗಾಗಿ ಆಸ್ಪತ್ರೆಯಲ್ಲಿ ಹಿಡಿದಿದ್ದ ಜಾಗವನ್ನು ರದ್ದು ಮಾಡೋಣವೇ ಎಂದು ಬರ್ನಬೆ ಕೇಳಿದಾಗ ವಾಂಗ್ಲಾರ್ ತಡೆದರು.

“ಬೇಡ. ಆ ಔಷಧಿ ಎರಡು ದಿನ ಬಿಟ್ಟು ನೋಡಿದೆ. ಕೈಕಾಲು ನಡುಗುತ್ತೆ. ಬಿಡೋಕೆ ಆಗ್ತಿಲ್ಲ.” ಅಷ್ಟು ಹೇಳಲು ಆ ಮುದುಕನಿಗೆ ಸಮಿತಿಯ ಮುಂದೆ ನಿಂತದ್ದಕ್ಕಿಂತ ಹೆಚ್ಚು ಕಷ್ಟವಾಯಿತು.

ಆಸ್ಪತ್ರೆಗೆ ವಾಂಗ್ಲಾರ್, ಜೊಸ್ವೆ, ನಾನು ಮೂವರು ಹೋದೆವು. ಜೊಸ್ವೆ ಮುದುಕನ ಚೀಲ ಹಿಡಿದು ಎರಡು ಹೆಜ್ಜೆ ಹಿಂದೆ, ಹೆಣ್ಣಿನಪ್ಪನ ಮುಖ ನೋಡಬಾರದೆಂದು ನೆಲ ನೋಡುತ್ತ ಬಂದ. ಕಿಟಕಿಯ ಹಿಂದಿನ ನರ್ಸ್ ಮುದುಕನ ಹೆಸರು ಬರೆದುಕೊಂಡಳು. ಆಮೇಲೆ ಪೆನ್ನಿನಿಂದ ಜೊಸ್ವೆಯನ್ನು ತೋರಿಸಿದಳು.

“ಜೊತೆಗೆ ಬಂದಿರೋರು ರೋಗಿಗೆ ಏನಾಗಬೇಕು?”

ಜೊಸ್ವೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ. ಹಸುಗಳು ಇನ್ನೂ ಅವನ ಅಪ್ಪನ ಕೊಟ್ಟಿಗೆಯಲ್ಲೇ ಇದ್ದವು.

“ಅಳಿಯ,” ಎಂದರು ವಾಂಗ್ಲಾರ್. “ಬರ್ಕೋ ತಾಯೀ. ನನ್ನ ಅಳಿಯ.”